ಗಾಡಿಯ ಮೂಗು

ನಮ್ಮ ಹಳೆಯ ಪಿಕಪ್ ಟೊಮೆಟೊ ಕ್ರೇಟು ಹೊತ್ತು ಕೋಲಾರದ ಮಾರುಕಟ್ಟೆಗೆ ಹೊರಟರೆ, ಏರು ಸಿಕ್ಕಿದ ಕೂಡಲೇ ಕಪ್ಪು ಹೊಗೆ ಕಾರಿ ಏದುಸಿರು ಬಿಡುತ್ತಿತ್ತು. ಅದಕ್ಕೆ ಗಾಳಿ ಸಾಲುತ್ತಿಲ್ಲ ಎಂಬುದು ನನ್ನ ತೀರ್ಮಾನ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕೆಂದು ಐಟಿಐಯಲ್ಲಿ ಕಲಿತಿದ್ದೆ. ಅಪ್ಪನಿಗೆ ಹೇಳದೆ, ಕಂಪನಿಯಿಂದಲೇ ಬಂದಿದ್ದ ಫಿಲ್ಟರ್ ಡಬ್ಬಿ ಕಿತ್ತು, ಅಗ್ಗಕ್ಕೆ ಸಿಕ್ಕ ಕೆಂಪು ಬಣ್ಣದ ತೆರೆದ ಫಿಲ್ಟರ್ ಕೂರಿಸಿದೆ. ಸದ್ದೇನೋ ಗತ್ತಿನದಾಯಿತು. ಆದರೆ ಮಧ್ಯಾಹ್ನದ ಏರಿನಲ್ಲಿ ಗಾಡಿ ಮೊದಲಿಗಿಂತ ಹೆಚ್ಚು ಸೊರಗಿತು.

ಅಪ್ಪ ಬಾನೆಟ್ ಎತ್ತಿದರು. ಬೈಯಲಿಲ್ಲ. ಗಾಳಿ ಕೊಳವೆಯೊಳಗೆ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ತುದಿಯಲ್ಲಿ ನುಣ್ಣನೆಯ ಕೆಂಪು ಧೂಳು.

“ಇದು ಪಿಸ್ಟನ್ ರಿಂಗನ್ನ ಉಪ್ಪುಕಾಗದದ ಹಾಗೆ ಉಜ್ಜಿಬಿಡ್ತದೆ ಕಣೋ. ಎಂಜಿನ್ ಹೋದ್ರೆ ನಿನ್ನ ತಂಗಿ ಫೀಸು ಎಲ್ಲಿಂದ ತರ್ಲಿ?”

ಇನ್ನೊಂದನ್ನೂ ನಾನು ಮರೆತಿದ್ದೆ. ಬಾನೆಟ್ಟಿನೊಳಗಿನ ಗಾಳಿ ಎಂಜಿನ್ನಿನ ಶಾಖಕ್ಕೆ ಕಾದು ತೆಳುವಾಗಿರುತ್ತದೆ. ಎಷ್ಟು ಎಳೆದರೂ ಅದರಲ್ಲಿ ಸತ್ವ ಕಡಿಮೆ.

ಭಾನುವಾರ ಇಬ್ಬರೂ ಸೇರಿ ಹಳೆಯ ಡಬ್ಬಿಯನ್ನೇ ಮರಳಿ ಹಾಕಿದೆವು. ಕಟ್ಟಿಕೊಂಡಿದ್ದ ಕಾಗದದ ಫಿಲ್ಟರ್ ಹೋಗಿ ಹೊಸದು ಬಂತು. ಮೆತ್ತಗಾಗಿ ಕುಸಿದಿದ್ದ ರಬ್ಬರ್ ಕೊಳವೆಯೂ ಬದಲಾಯಿತು. ಗಾಳಿ ಎಳೆಯುವ ಬಾಯನ್ನು ಬಿಸಿಯಿಂದ ದೂರ, ಹೆಡ್‌ಲೈಟಿನ ಹಿಂದೆ, ನೀರು ಎರಚದಷ್ಟು ಎತ್ತರದಲ್ಲಿ ಬಿಗಿದೆವು.

ಸೋಮವಾರ ಅದೇ ಏರು, ಅಷ್ಟೇ ಕ್ರೇಟು. ಗಾಡಿ ಹಾರಲಿಲ್ಲ, ಆದರೆ ಏದುಸಿರೂ ಬಿಡಲಿಲ್ಲ. ಅಪ್ಪ ಕನ್ನಡಿಯಲ್ಲಿ ಕಪ್ಪು ಹೊಗೆ ಹುಡುಕಿದರು. ಕಾಣಲಿಲ್ಲ.

“ಪಾಪ, ಮೂಗು ಕಟ್ಟಿತ್ತು ಅಷ್ಟೇ,” ಎಂದು ಸ್ಟೇರಿಂಗ್ ತಟ್ಟಿದರು.