ಫ್ರೆಂಚ್ ಮಾತು, ಇಂಗ್ಲಿಷ್ ನಾಲಿಗೆ

ಮೊದಲ ಮಹಾಯುದ್ಧದ ಕಾಲ. ಬೆಲ್ಜಿಯಂನ ಒಂದು ಊರಿನ ಸುತ್ತ ಕಂದಕ ತೋಡಿಕೊಂಡು ಕುಳಿತಿದ್ದ ಬ್ರಿಟಿಷ್ ಸಿಪಾಯಿಗಳಿಗೆ ನಕ್ಷೆಯಲ್ಲಿದ್ದ ಆ ಊರಿನ ಹೆಸರನ್ನು ಓದುವುದೇ ಒಂದು ತಲೆನೋವಾಯಿತು. ವೈ, ಪಿ, ಆರ್, ಇ, ಎಸ್. ಫ್ರೆಂಚರು ಇದನ್ನು 'ಈಪ್ರ' ಎನ್ನುತ್ತಾರೆ. ಸಿಪಾಯಿಗಳು ಹೆಚ್ಚು ತಲೆ ಕೆಡಿಸಿಕೊಳ್ಳದೆ 'ವೈಪರ್ಸ್' ಎಂದುಬಿಟ್ಟರು. ಅಲ್ಲೇ ಸಿಕ್ಕಿದ ಮುದ್ರಣ ಯಂತ್ರವೊಂದರಲ್ಲಿ 1916ರಲ್ಲಿ ಅವರು ಅಚ್ಚು ಹಾಕಿದ ಪತ್ರಿಕೆಯ ಹೆಸರೂ 'ದಿ ವೈಪರ್ಸ್ ಟೈಮ್ಸ್'! ಫ್ರೆಂಚರು 'ಪರವಾಗಿಲ್ಲ ಬಿಡಿ' ಎನ್ನಲು ಬಳಸುವ 'ಸ ನ ಫೆ ರಿಯೆಂ' ಅವರ ಬಾಯಲ್ಲಿ 'ಸ್ಯಾನ್ ಫೇರಿ ಆ್ಯನ್' ಎಂಬ ಹೆಂಗಸಿನ ಹೆಸರಾಯಿತು. 'ಈ ಕೂಡಲೇ' ಎಂಬರ್ಥದ 'ತುತ್ ಸ್ವೀತ್' ಮಾತ್ರ 'ಟೂಟ್ ಸ್ವೀಟ್' ಎಂದಾಗಿ, ಹೆಚ್ಚು ಕಡಿಮೆ ಸರಿಯಾಗಿಯೇ ಉಳಿಯಿತು. ಕಿವಿಯಿಂದ ಕಲಿತದ್ದರ ಲಾಭ ಇದು.

ತೊಂದರೆ ಹುಟ್ಟುವುದು ಕಣ್ಣಿನಿಂದ ಕಲಿತಾಗ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಬಂದ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿನಲ್ಲಿ ಕರಗಿಹೋಗಿವೆ. ಟೇಬಲ್, ಬೀಫ್ ಎನ್ನುವಾಗ ಯಾರಿಗೂ ಫ್ರಾನ್ಸಿನ ನೆನಪಾಗುವುದಿಲ್ಲ. ತೀರ ಈಚೆಗೆ ಬಂದ ಪದಗಳು ಮಾತ್ರ ಮನೆಗೆ ಬಂದ ಹೊಸ ಅಳಿಯನ ಹಾಗೆ ತಮ್ಮ ಊರಿನ ಗತ್ತು ಬಿಟ್ಟಿಲ್ಲ. ಫ್ರೆಂಚಿನಲ್ಲಿ ಪದದ ಕೊನೆಯ ವ್ಯಂಜನವನ್ನು ಸಾಮಾನ್ಯವಾಗಿ ನುಂಗುತ್ತಾರೆ. ಹಿಂದೊಮ್ಮೆ ಅವನ್ನೂ ಉಚ್ಚರಿಸುತ್ತಿದ್ದರು. ನಾಲಿಗೆ ಬಿಟ್ಟಿತು, ಲೇಖನಿ ಬಿಡಲಿಲ್ಲ. ಆದರೆ ಆ ವ್ಯಂಜನದ ಮುಂದೆ 'ಇ' ಅಕ್ಷರ ಬಂದರೆ ಮಲಗಿದ್ದ ವ್ಯಂಜನ ಎದ್ದು ಕೂರುತ್ತದೆ. ಪುಟ್ಟ ಹುಡುಗನಾದರೆ 'ಪೆತಿ', ಪುಟ್ಟ ಹುಡುಗಿಯಾದರೆ 'ಪೆತೀತ್'.

ಈ ನಿಯಮದ ಮೊದಲರ್ಧವನ್ನು ಮಾತ್ರ ಕಲಿತವರ ಪಾಡು ನೋಡಬೇಕು. ನರಳುತ್ತಿರುವವನಿಗೆ ಕರುಣೆಯಿಂದ ಕೊಡುವ ಕೊನೆಯ ಏಟಿಗೆ ಫ್ರೆಂಚಿನಲ್ಲಿ 'ಕೂ ದ ಗ್ರಾಸ್' ಎಂದು ಹೆಸರು. ಗ್ರಾಸ್ ಎಂದರೆ ಕರುಣೆ. ಅದರ ಕಾಗುಣಿತ 'ಸಿ, ಇ' ಎಂದು ಮುಗಿಯುವುದರಿಂದ ಕೊನೆಯ 'ಸ್' ಕೇಳಿಸಲೇಬೇಕು. ಆದರೆ ಇಂಗ್ಲಿಷ್ ಮಾತನಾಡುವವರಲ್ಲಿ ಅನೇಕರು, ಅದರಲ್ಲೂ ಓದಿಕೊಂಡವರು, ತಮಗೆ ಫ್ರೆಂಚ್ ಗೊತ್ತೆಂದು ತೋರಿಸುವ ಹುರುಪಿನಲ್ಲಿ 'ಕೂ ದ ಗ್ರಾ' ಎನ್ನುತ್ತಾರೆ. ಫ್ರೆಂಚರ ಕಿವಿಗೆ 'ಗ್ರಾ' ಎಂದರೆ ಕೊಬ್ಬು. ಕರುಣೆಯ ಏಟು ಕೊಬ್ಬಿನ ಏಟಾಯಿತು! ಆಲೂಗಡ್ಡೆ ಹಾಕಿ ಮಾಡಿ ತಣ್ಣಗೆ ಬಡಿಸುವ 'ವಿಶಿಸ್ವಾಜ್' ಎಂಬ ಸೂಪಿಗೂ ಇದೇ ಗತಿ. ದೊಡ್ಡ ಹೋಟೆಲುಗಳಲ್ಲಿ ಬಾಲ ಕತ್ತರಿಸಿ 'ವಿಶಿಸ್ವಾ' ಎಂದು ಕೇಳುವವರುಂಟು. ಏನೂ ಗೊತ್ತಿಲ್ಲದವನು ಬರೆದದ್ದನ್ನು ಬರೆದಂತೆ ಓದಿದ್ದರೆ ಸರಿಯುತ್ತರಕ್ಕೆ ಇನ್ನಷ್ಟು ಹತ್ತಿರ ಇರುತ್ತಿದ್ದ.

ಬರವಣಿಗೆಯ ತಪ್ಪುಗಳದ್ದು ಇನ್ನೊಂದು ತಮಾಷೆ. 'ಇಗೋ ನೋಡಿ' ಎಂಬರ್ಥದ 'ವ್ವಾಲಾ' ಪದವನ್ನು ಅಮೆರಿಕನ್ನರು ನಮ್ಮ ಹಾಲುವಾಲಾ, ಟಾಂಗಾವಾಲಾಗಳ 'ವಾಲಾ' ಮಾಡಿದ್ದಾರೆ. ಕೆಲವರು ಅಕ್ಷರ ಹಿಂದುಮುಂದಾಗಿಸಿ 'ವಿಯೋಲಾ' ಎಂದು ಬರೆದು ಪಿಟೀಲಿನ ಅಣ್ಣನನ್ನು ಕರೆತರುತ್ತಾರೆ. ಕಾಲು ಚಾಚಿ ಒರಗುವ ಕುರ್ಚಿ 'ಶೆಜ್ ಲಾಂಗ್', ಅಂದರೆ ಉದ್ದ ಕುರ್ಚಿ. ಅಮೆರಿಕದ ಅಂಗಡಿಗಳಲ್ಲಿ ಅದು 'ಶೇಜ್ ಲೌಂಜ್'. ಲಾಂಗ್ ಮತ್ತು ಲೌಂಜ್ ಎರಡರಲ್ಲೂ ಇರುವ ಆರು ಅಕ್ಷರಗಳು ಅವೇ. ಜಾಗ ಮಾತ್ರ ಬದಲು. ಈ ತಪ್ಪು ಎಷ್ಟು ಹಳೆಯದೆಂದರೆ ಅಲ್ಲಿನ ನಿಘಂಟುಗಳೇ ಅದಕ್ಕೆ ಜಾಗ ಕೊಟ್ಟಿವೆ.

'ಹಿಂದೆಯೇ ಕಂಡದ್ದು' ಎಂಬ ಅನುಭವವನ್ನು ಹೇಳುವ 'ದೇಜಾ ವ್ಯು' ಪದದ ಕೊನೆಯ ಸ್ವರ ಇಂಗ್ಲಿಷಿನಲ್ಲಿಲ್ಲ, ಕನ್ನಡದಲ್ಲೂ ಇಲ್ಲ. ತುಟಿಯನ್ನು 'ಊ' ಎನ್ನುವಂತೆ ಗುಂಡಗೆ ಮಾಡಿ, ನಾಲಿಗೆಯನ್ನು 'ಈ' ಎನ್ನುವ ಜಾಗದಲ್ಲಿಟ್ಟು ಉಸಿರು ಬಿಟ್ಟರೆ ಅದು ಬರುತ್ತದೆ. ಮಕ್ಕಳು ಕನ್ನಡಿಯ ಮುಂದೆ ನಿಂತು ಪ್ರಯೋಗ ಮಾಡಬಹುದು. ಸುಮ್ಮನೆ 'ದೇಜಾ ವೂ' ಎಂದರೆ ಫ್ರೆಂಚರಿಗೆ 'ಈಗಾಗಲೇ ನೀವು' ಎಂದು ಕೇಳಿಸುತ್ತದೆ.

ಎಲ್ಲ ತಪ್ಪೂ ನಗೆಪಾಟಲಲ್ಲ. 1920ರ ದಶಕದಲ್ಲಿ ಲಂಡನ್ ಬಳಿಯ ಕ್ರಾಯ್ಡನ್ ವಿಮಾನ ನಿಲ್ದಾಣದಿಂದ ಪ್ಯಾರಿಸ್ಸಿಗೆ ಹಾರಾಟ ಹೆಚ್ಚಾಗಿತ್ತು. ಆಪತ್ತಿನಲ್ಲಿರುವ ವಿಮಾನದಿಂದ 'ಎಸ್ಓಎಸ್' ಎಂದು ಕೂಗಿದರೆ ಆಗಿನ ರೇಡಿಯೋದಲ್ಲಿ 'ಎಸ್' ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ. ಅಲ್ಲಿನ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಸೂಚಿಸಿದ ಪದ 'ಮೇ ಡೇ'. 'ನನಗೆ ನೆರವಾಗಲು' ಎಂಬ ಅರ್ಥದ ಫ್ರೆಂಚಿನ 'ಮೆದೇ'ಯ ಇಂಗ್ಲಿಷ್ ರೂಪ ಅದು. ಫ್ರೆಂಚರು ತಾವು ಮುಳುಗುವಾಗ ಹಾಗೆ ಕೂಗುವವರಲ್ಲ, 'ಓ ಸಕೂರ್' ಎನ್ನುತ್ತಾರೆ. ಆದರೂ 1927ರಲ್ಲಿ ಈ ಪದಕ್ಕೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಇಂದಿಗೂ ಪೈಲಟ್ಟುಗಳು ಮೂರು ಸಲ ಕೂಗುವುದು ಇದನ್ನೇ.

ನಮ್ಮ ಪಿಯುಸಿ ತರಗತಿಗಳಲ್ಲಿ ದ್ರವ್ಯ ತರಂಗದ ಪಾಠ ಬಂದಾಗ 1929ರ ನೊಬೆಲ್ ವಿಜೇತನೊಬ್ಬ 'ಡಿ ಬ್ರಾಗ್ಲಿ' ಆಗುತ್ತಾನೆ. ಫ್ರಾನ್ಸಿನಲ್ಲಿ ಆತ 'ದ ಬ್ರೊಯ್'. ಮನೆತನ ಮೂಲತಃ ಇಟಲಿಯದು, ಕಾಗುಣಿತದ ಗೋಜಲಿಗೆ ಅದೇ ಕಾರಣ. ಇಂಗ್ಲೆಂಡು ಅಮೆರಿಕಗಳ ತರಗತಿಗಳಲ್ಲೂ 'ಬ್ರೋಗ್ಲಿ' ಎನ್ನುವವರು ಕಡಿಮೆಯೇನಲ್ಲ. ಹೀಗಿರುವಾಗ 'ಬೊಕೆ'ಯನ್ನು 'ಬೊಕ್ವೆಟ್' ಎಂದೋದಿದ ಹಳ್ಳಿಯ ಹುಡುಗನನ್ನು ಕಂಡು ತರಗತಿಗೆ ತರಗತಿಯೇ ನಗುವುದು, ಕೆಲವೊಮ್ಮೆ ಮೇಷ್ಟರೂ ಜೊತೆಗೂಡುವುದು ನ್ಯಾಯವಲ್ಲ. ಆ ಪದವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನೇ ಪುಸ್ತಕದಿಂದ ಹೆಕ್ಕಿ ತಂದಿದ್ದ. ಅಂದು ಕೂತವನು ಮತ್ತೆ ಎದ್ದು ನಿಂತು ಓದದಿದ್ದರೆ ನಷ್ಟ ಯಾರಿಗೆ?

ಅಮೆರಿಕದ ರಾಷ್ಟ್ರೀಯ ಸ್ಪೆಲ್ಲಿಂಗ್ ಸ್ಪರ್ಧೆಯಲ್ಲಿ ಮಕ್ಕಳಿಗೆ ಒಂದು ಸೌಲಭ್ಯವಿದೆ: ಪದ ಯಾವ ಭಾಷೆಯದೆಂದು ಕೇಳಬಹುದು. ಫ್ರೆಂಚ್ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. 1985ರಲ್ಲಿ ಭಾರತೀಯ ಮೂಲದ ಬಾಲು ನಟರಾಜನ್ ಗೆದ್ದದ್ದು 'ಮಿಲ್ಯ' ಎಂಬ ಫ್ರೆಂಚ್ ಪದದಿಂದಲೇ. 2025ರಲ್ಲಿ ಟೆಕ್ಸಾಸಿನ 13 ವರ್ಷದ ಫೈಜಾನ್ ಝಕಿ ಗೆಲುವಿನ ಹೊಸ್ತಿಲಲ್ಲಿ ನಿಂತು, ಏನನ್ನೂ ಕೇಳದೆ ಆತುರಪಟ್ಟು 'ಕಾಮಲೈನಾ' ಎಂಬ ಪದದಲ್ಲಿ ಎಡವಿದ. ಎದುರಾಳಿಗಳೂ ಎಡವಿದ್ದರಿಂದ ಉಳಿದುಕೊಂಡ. ಕೊನೆಗೆ ಅವನಿಗೆ ಬಂದ ಪದ 15 ಅಕ್ಷರಗಳ 'ಎಕ್ಲೆರ್ಸಿಸ್ಮಾಂ', ಅಪ್ಪಟ ಫ್ರೆಂಚ್. ಅರ್ಥ, ಸ್ಪಷ್ಟೀಕರಣ. ಹುಡುಗ ಈ ಸಲವೂ ಯಾವ ಸ್ಪಷ್ಟೀಕರಣವನ್ನೂ ಕೇಳದೆ ಹದಿನೈದೂ ಅಕ್ಷರಗಳನ್ನು ಸರಿಯಾಗಿ ಹೇಳಿ ವೇದಿಕೆಯ ಮೇಲೆ ಕುಸಿದು ಬಿದ್ದ.