“ಅಪ್ಪನಿಗೆ ಹೇಳು...”

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಿಮಗೂ ಗೊತ್ತು. ನಮ್ಮ ಮನೆಯಲ್ಲಿ ಮಾತ್ರ ಅದು ಉಂಡು ಮಲಗಿದರೂ ಮುಗಿಯಲಿಲ್ಲ. ಜಕ್ಕೂರಿನ ಎರಡು ಕೋಣೆಯ ಮನೆಯಲ್ಲಿ ನಾನೂ ನಮ್ಮ ಯಜಮಾನರೂ ಒಂದು ವರ್ಷ ಮಾತು ಬಿಟ್ಟಿದ್ದೆವು. ಆದರೂ ಸಂಸಾರ ನಡೆಯಬೇಕಲ್ಲ? ನಡುವೆ ಹದಿನೈದು ವರ್ಷದ ಮಗನಿದ್ದ.

“ಅಪ್ಪನಿಗೆ ಹೇಳು, ಗ್ಯಾಸ್ ಮುಗಿದಿದೆ ಅಂತ.”

“ನಿಮ್ಮಮ್ಮನಿಗೆ ಹೇಳು, ದುಡ್ಡು ಮೇಜಿನ ಮೇಲಿದೆ ಅಂತ.”

ಒಂದೊಂದು ಸಲ ಆಡಬಾರದ ಮಾತನ್ನೂ ಅವನ ಕೈಲೇ ಹೇಳಿ ಕಳಿಸುತ್ತಿದ್ದೆವು. ಹುಡುಗ ತುಟಿ ಎರಡು ಮಾಡುತ್ತಿರಲಿಲ್ಲ. “ನನ್ನ ಮಗ ಎಷ್ಟು ತಿಳಿವಳಿಕಸ್ಥ ನೋಡು” ಎಂದು ಅಕ್ಕನ ಮುಂದೆ ಹೆಮ್ಮೆಪಟ್ಟಿದ್ದೆ.

ಬರಬರುತ್ತಾ ಅವನು ಶಾಲೆಯಿಂದ ಬರುವುದು ತಡವಾಗತೊಡಗಿತು. ಒಂದು ಸಂಜೆ ಹುಡುಕಿಕೊಂಡು ಹೊರಟೆ. ಜಕ್ಕೂರು ಕೆರೆಯ ಏರಿಯ ಮೇಲೆ, ಚೀಲ ಪಕ್ಕಕ್ಕಿಟ್ಟು ಒಬ್ಬನೇ ಕೂತಿದ್ದ. ಹಾರಾಟ ಕಲಿಸುವ ಶಾಲೆಯ ಪುಟ್ಟ ವಿಮಾನವೊಂದು ಮೇಲೆ ಸುತ್ತು ಹಾಕುತ್ತಿತ್ತು.

“ಯಾಕೋ, ಮನೆ ನೆನಪಾಗಲಿಲ್ವಾ?” ಅಂದೆ.

“ಬಂದ್ರೆ ಇಬ್ಬರೂ ಏನಾದ್ರೂ ಹೇಳಿ ಕಳಿಸ್ತೀರಿ. ನೀವು ಹೇಳಿದ್ದನ್ನ ಹಾಗೇ ಹೇಳೋಕಾಗಲ್ಲ, ಸ್ವಲ್ಪ ಮೆತ್ತಗೆ ಮಾಡಿ ಹೇಳ್ಬೇಕು. ಸಾಕಾಗಿದೆ ಅಮ್ಮ.”

ನೋಡಿ, ನಮ್ಮಿಬ್ಬರ ಕಹಿಯನ್ನೆಲ್ಲ ಮಗು ತಾನೇ ನುಂಗಿ, ಉಳಿದಷ್ಟನ್ನು ಮಾತ್ರ ನಮಗೆ ಮುಟ್ಟಿಸುತ್ತಿತ್ತು. ನನಗದು ತಿಳಿದೇ ಇರಲಿಲ್ಲ.

ನಾವು ಒಂದಾಗಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದೆವು. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ ಪ್ರಕಾರ ಮೊದಲು ರಾಜಿಗೆ ಪ್ರಯತ್ನ ನಡೆಯುತ್ತದೆ. 1976ರಲ್ಲಿ ಹಿಂದೂ ವಿವಾಹ ಕಾಯಿದೆಗೆ ಸೇರಿದ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ತಕ್ಕ ಕಾರಣವಿದ್ದರೆ ಇದನ್ನು ಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಗು ಯಾರ ಬಳಿ ಇರಬೇಕೆನ್ನುವಾಗ ಅದರ ಹಿತವೇ ಮುಖ್ಯ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಗಮನಿಸಬಹುದೆಂದು 1890ರ ಕಾಯಿದೆಯಲ್ಲೇ ಇದೆಯಂತೆ. ಹೆತ್ತ ನಾವು ಒಂದು ದಿನವೂ ಅವನ ಇಷ್ಟ ಕೇಳಿರಲಿಲ್ಲ!

ಆ ರಾತ್ರಿ ಇಬ್ಬರೂ ಕೂತು ಕೇಳಿದೆವು. “ಎಲ್ಲಿದ್ರೂ ಇರ್ತೀನಿ. ನನ್ನ ಕೈಲಿ ಹೇಳಿ ಕಳಿಸಬೇಡಿ, ಅಷ್ಟೇ” ಅಂದ.

ಈಗ ಅವನು ನನ್ನೊಂದಿಗಿದ್ದಾನೆ, ಭಾನುವಾರ ಅಪ್ಪನ ಮನೆಗೆ ಹೋಗುತ್ತಾನೆ. ಫೀಸಿನ ಮಾತಿದ್ದರೆ ಅವರಿಗೆ ನಾನೇ ಫೋನು ಮಾಡುತ್ತೇನೆ. ಪ್ರತಿ ಸಲವೂ ಗಂಟಲು ಒಣಗುತ್ತದೆ.

ಸೋದರಿಯರೇ, ನಿಮ್ಮ ಜಗಳದಲ್ಲಿ ನ್ಯಾಯ ನಿಮ್ಮ ಕಡೆಗೇ ಇರಬಹುದು. ಆದರೂ “ಅಪ್ಪನಿಗೆ ಹೇಳು” ಎಂಬ ಮಾತು ಬಾಯಿಗೆ ಬಂದರೆ, ದಯವಿಟ್ಟು, ನೀವೇ ಎದ್ದು ಹೋಗಿ ಹೇಳಿ.