ಹೊಲ ನೋಡಿ ಬಂದವರು ಮೊದಲು

ನಮ್ಮ ಕಡೆ ಜಮೀನಿನ ಲೆಕ್ಕ ಸೆಂಟ್ಸಿನಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವೂ 1953ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಊರುಗಳು. ಎಕರೆಗೆ 100 ಸೆಂಟ್ಸ್ ಎನ್ನುವುದು ಆ ಕಾಲದ ಅಳತೆ. ಪಕ್ಕದ ದಾವಣಗೆರೆ ಹಳೆ ಮೈಸೂರಿನದು, ಅಲ್ಲಿ ಎಕರೆಗೆ 40 ಗುಂಟೆ. ಹಾಗಾಗಿ ‘ಎರಡೆಕರೆ ಇಪ್ಪತ್ತು’ ಎಂದರೆ ನಮಗೆ ಎರಡೂ ಕಾಲಿಗಿಂತ ಕಡಿಮೆ, ಅವರಿಗೆ ಎರಡೂವರೆ. ನಡುವಿನ ವ್ಯತ್ಯಾಸ 30 ಸೆಂಟ್ಸ್, ಸುಮಾರು 13,000 ಚದರ ಅಡಿ. ರಸ್ತೆಗೆ ಬಿಡುವುದನ್ನು ಲೆಕ್ಕಿಸದಿದ್ದರೆ ಹತ್ತು 30×40 ಸೈಟು!

ನಾನು ಕಾಗದಪತ್ರ ನೋಡಿಕೊಳ್ಳುವ ರಿಯಲ್ ಎಸ್ಟೇಟ್ ಆಫೀಸಿನಲ್ಲಿ ಎರಡೂ ಕಡೆಯ ಹುಡುಗರಿದ್ದಾರೆ. ಸೋಮವಾರದ ಮೀಟಿಂಗಿನಲ್ಲಿ ‘ಇಪ್ಪತ್ತು’ ಅಂದಾಗ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಹೊಲ. ಮೊದಲೆಲ್ಲ ಈ ಮೀಟಿಂಗೆಂದರೆ ಯಜಮಾನರು ಒಂದೂವರೆ ತಾಸು ಟಾರ್ಗೆಟ್ ಹೇಳುವುದು, ನಾವು ಚಹಾ, ಮಂಡಕ್ಕಿ, ಮಿರ್ಚಿ ಮುಗಿಸಿ ಏಳುವುದು. ಯಾರು ಏನು ಮಾಡಬೇಕೆಂದು ಮಂಗಳವಾರ ಮತ್ತೆ ಫೋನಿನಲ್ಲಿ ಕೇಳಿಕೊಳ್ಳುತ್ತಿದ್ದೆವು.

ಯಜಮಾನರನ್ನು ಒಪ್ಪಿಸಿ ಮೂರು ಬದಲಾವಣೆ ತಂದೆವು. ಪಹಣಿ, ಮ್ಯುಟೇಶನ್, ಇ.ಸಿ., ಎನ್.ಎ. ಆದೇಶ ಮೇಜಿನ ಮೇಲಿರದ ಜಮೀನಿನ ಬಗ್ಗೆ ಮಾತಿಲ್ಲ. ಪ್ರತಿ ವಿಷಯದ ಕೊನೆಗೆ ನೋಟ್‌ಬುಕ್ಕಿನಲ್ಲಿ ಒಂದು ಹೆಸರು, ಒಂದು ವಾರ. ಮೂರನೆಯದು, ಹೊಲ ನೋಡಿ ಬಂದವರು ಮೊದಲು ಮಾತಾಡಬೇಕು, ಯಜಮಾನರು ಕೊನೆಗೆ. ಅವರು ಮೊದಲೇ ‘ಚಲೋ ಜಮೀನು’ ಅಂದುಬಿಟ್ಟರೆ, ಸಂಬಳಕ್ಕಿರುವ ಹುಡುಗ ಇನ್ನೇನು ಹೇಳಿಯಾನು?

ಮೂರನೆಯದರ ಬೆಲೆ ಗೊತ್ತಾದದ್ದು ಒಂದು ಲೇಔಟಿನ ಮಾತಿನಲ್ಲಿ. ಕಾಗದವೆಲ್ಲ ಸರಿಯಿದ್ದಂತೆ ಕಾಣುತ್ತಿತ್ತು. ಮೂರು ಮನೆಯವರು ಅಡ್ವಾನ್ಸ್ ಕೊಡಲು ತಯಾರಿದ್ದರು. ಬೈಕಿನಲ್ಲಿ ಸೈಟು ತೋರಿಸಲು ಹೋಗುವ ಹುಡುಗ ಬಾಯಿಬಿಟ್ಟ: “ಅಣ್ಣಾ, ಮಗ್ಗಲ ಹೊಲದ ಅಜ್ಜ ಒಂದು ಮಾತಂದ. ಇದು ಹಿಂದಕ ಸರ್ಕಾರದೋರು ಬಡವರಿಗೆ ಕೊಟ್ಟ ಹೊಲ ಅಂತ.”

ಎಲ್ಲರೂ ಸುಮ್ಮನಾದರು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ 1978ರ ಕಾಯ್ದೆಯ ಪ್ರಕಾರ ಆ ಮಾರಾಟ ಊರ್ಜಿತವಲ್ಲ. 2023ರ ತಿದ್ದುಪಡಿಯ ನಂತರ ಮರಳಿ ಕೊಡಿಸಿರೆಂದು ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಜಮೀನಿನ ಮೂಲ ತಿಳಿಯಲು ಮಂಜೂರಾತಿ ಕಡತವನ್ನೇ ನೋಡಬೇಕು. ನೋಟ್‌ಬುಕ್ಕಿನಲ್ಲಿ ನನ್ನ ಹೆಸರು ಬಂತು, ಗುರುವಾರ. ತಾಲ್ಲೂಕು ಕಚೇರಿಯಲ್ಲಿ ಕಡತ ತೆಗೆಸಿದಾಗ ಅಜ್ಜನ ಮಾತು ನಿಜವಿತ್ತು. ಅನುಮತಿ ಪತ್ರ ಇರಲಿಲ್ಲ. ನಾವು ಅಡ್ವಾನ್ಸ್ ಮುಟ್ಟಲಿಲ್ಲ.

ಆ ಮೂವರಲ್ಲಿ ಒಬ್ಬರು ಗುಳೆ ಹೋಗಿ, ಕಾಫಿ ತೋಟದಲ್ಲಿ ದುಡಿದು ಕೂಡಿಟ್ಟ ದುಡ್ಡು ತಂದಿದ್ದರು. ಆ ಹೊಲವನ್ನು ಹಿಂದೆಂದೋ ಕಳೆದುಕೊಂಡ ಮನೆಯವರೂ ಅಂಥ ಬಡವರೇ. ನಮ್ಮ ಮೀಟಿಂಗಿನಲ್ಲಿ ಇವರಿಬ್ಬರಿಗೂ ಕುರ್ಚಿ ಇರುವುದಿಲ್ಲ. ಅವರ ಪರವಾಗಿ ಒಂದು ಮಾತು ಒಳಗೆ ಬರಬೇಕಾದರೆ, ಅವರ ಊರಿನ ಮಣ್ಣು ತುಳಿದು ಬಂದ ಹುಡುಗನ ಬಾಯಿಂದಲೇ ಬರಬೇಕು.

ಈಗ ಮೀಟಿಂಗು ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಅಳತೆ ಹೇಳುವವರು ಸೆಂಟ್ಸೋ ಗುಂಟೆಯೋ ಎಂದು ಬಿಡಿಸಿಯೇ ಹೇಳುತ್ತಾರೆ.